ಎದೆಯ ಮೇಲಿನ ಮುಖ

ರಾಜಕುಮಾರನ ಎದೆಯ ಮೇಲೆ, ಪದಕ ತೂಗಬೇಕಾದ ಜಾಗದಲ್ಲಿ, ಒಂದು ಹೆಣ್ಣಿನ ಮುಖ ಮೂಡಿದೆ. ಹಾಳೆ ತಿರುವಿದರೆ ಮತ್ತೆ ಅವನೇ, ಎದೆಯ ಮೇಲೆ ಮತ್ತೆ ಅದೇ ಮುಖ. ಸುಮಾರು 430 ವರ್ಷಗಳ ಹಿಂದೆ ವಿಜಯಪುರದಲ್ಲಿ ಸಿದ್ಧವಾದ ‘ಪೇಮ್ ನೇಮ್’ ಎಂಬ ಪ್ರೇಮಕಾವ್ಯದ ಹಸ್ತಪ್ರತಿಯ ಚಿತ್ರಗಳಿವು. ಒಟ್ಟು 34 ಚಿತ್ರಗಳಿರುವ ಈ ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಜಮಖಂಡಿಯಿಂದ ಹೊರಟು ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ಹೊಳೆ ದಾಟಿ, ಬಬಲೇಶ್ವರದ ಮೇಲೆ ಹಾಯ್ದರೆ ವಿಜಯಪುರ. ಸಂತೆಗೆ, ಆಸ್ಪತ್ರೆಗೆ, ಕೋರ್ಟು ಕಚೇರಿಗೆ ಅಂತ ಈ ಸೀಮೆಯವರು ಓಡಾಡುತ್ತ ಬಂದ ದಾರಿ ಇದು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವವರೆಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲವೂ ವಿಜಯಪುರ ಜಿಲ್ಲೆಯ ಊರುಗಳೇ. ‘ಪೇಮ್ ನೇಮ್’ ಹುಟ್ಟಿದ ಕಾಲದಲ್ಲೂ ಈ ನೆಲ ವಿಜಯಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿತ್ತು. ಮುಧೋಳದ ಘೋರ್ಪಡೆಯವರು ಅಲ್ಲಿನ ದರಬಾರಿನ ಸರದಾರರಾಗಿದ್ದರು. ಗೋಳಗುಮ್ಮಟ ನೋಡದವರು ಈ ಭಾಗದಲ್ಲಿ ಕಡಿಮೆ. ಅದೇ ಊರಿನಲ್ಲಿ ಕಾವ್ಯವನ್ನು ಚಿತ್ರವಾಗಿಸಿದ ಕೈಗಳಿದ್ದವು ಎಂಬುದು ಮಾತ್ರ ಹೆಚ್ಚಿನವರ ಕಿವಿಗೆ ಬಿದ್ದಿಲ್ಲ. ಇದು ಸಣ್ಣ ನಷ್ಟವಲ್ಲ.

ಈ ಸೀಮೆಯಲ್ಲಿ ಕಾವ್ಯ ಅದಕ್ಕೂ ಬಹಳ ಹಿಂದಿನದು. ಮುಧೋಳ ಅಂದಿನ ಮುದುವೊಳಲು. ಬಳೆಗಾರರ ಮನೆಯಲ್ಲಿ, ಜಿನವಲ್ಲಭ ಮತ್ತು ಅಬ್ಬಲಬ್ಬೆಯರ ಮಗನಾಗಿ, 949ರಲ್ಲಿ ರನ್ನ ಹುಟ್ಟಿದ್ದು ಅಲ್ಲಿ. ಆ ಕಾಲದ ಕಾವ್ಯಗಳು ಇದ್ದದ್ದು ತಾಳೆಗರಿಯ ಮೇಲೆ, ಮತ್ತು ಆ ಬರವಣಿಗೆ ನಿಜದಲ್ಲಿ ಕೊರೆತವಾಗಿತ್ತು. ಹದ ಮಾಡಿದ ಗರಿಯನ್ನು ಎಡಗೈಯಲ್ಲಿ ಹಿಡಿದು, ಕಬ್ಬಿಣದ ಕಂಟದ ಮೊನೆಯಿಂದ ಅಕ್ಷರವನ್ನು ಗೀರಬೇಕು. ಗೀರಿದಾಗ ಏನೂ ಕಾಣಿಸುವುದಿಲ್ಲ. ಆಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಮೇಲೆ ತಿಕ್ಕಿ, ಬಟ್ಟೆಯಿಂದ ಒರೆಸಿದರೆ ಮಸಿ ಗೀರಿನೊಳಗೆ ಮಾತ್ರ ಉಳಿದು ಅಕ್ಷರ ಎದ್ದು ಬರುತ್ತದೆ. ಯುರೋಪಿನಲ್ಲಿ ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಗೆರೆಯೊಳಗೆ ಮಸಿ ತುಂಬಿ, ಮೇಲಿನದನ್ನು ಒರೆಸಿ ಚಿತ್ರ ಅಚ್ಚು ಹಾಕುತ್ತಿದ್ದ ವಿದ್ಯೆಯ ಮೂಲವೂ ಇಷ್ಟೇ. ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಮಾಡಿಸಿ ಹಂಚಿದವಳೆಂದು ಹೆಸರಾದ ಅತ್ತಿಮಬ್ಬೆ ರನ್ನನಿಗೂ ಆಶ್ರಯ ಕೊಟ್ಟಳು. ಸಾವಿರ ಪ್ರತಿ ಎಂದರೆ ಅಷ್ಟೂ ಗರಿಗಳ ಮೇಲೆ ಅಷ್ಟೂ ಸಲ ಕಂಟ ಓಡಿದೆ.

ಆದರೆ ಗರಿ ಅಗಲದಲ್ಲಿ ಬಲು ಕಿರಿದು. ಜೈನ ಭಂಡಾರಗಳ ಕೆಲವು ಗರಿಗಳ ಮೇಲೆ, ಮೂಡುಬಿದಿರೆಯ ಧವಲಾ ಗ್ರಂಥಗಳಲ್ಲಿ ಇರುವಂತೆ, ಪುಟ್ಟ ಬಣ್ಣದ ಚಿತ್ರಗಳಿವೆ ನಿಜ. ಚಿತ್ರ ಹಾಳೆಯ ತುಂಬ ಕೈಕಾಲು ಚಾಚಿ ಕೂರುವುದಕ್ಕೆ ಕಾಗದ ಬೇಕಾಯಿತು. ಅದು ದಖ್ಖನಿನ ಸುಲ್ತಾನರ ಆಸ್ಥಾನಗಳಲ್ಲಿ ಒದಗಿತು. ಅಗೇಟ್ ಕಲ್ಲಿನಿಂದ ಉಜ್ಜಿ ನುಣುಪು ಮಾಡಿದ ಕಾಗದ, ಕಲ್ಲು ಅರೆದು ಗೋಂದಿನಲ್ಲಿ ಕಲಸಿದ ಬಣ್ಣ, ಅಳಿಲಿನ ಬಾಲದ ಕೂದಲಿನ ಕುಂಚ, ಬಂಗಾರದ ರೇಕು.

1580ರಲ್ಲಿ ಮೊದಲನೆಯ ಅಲಿ ಆದಿಲ್‌ಶಾಹನ ಕೊಲೆಯಾದಾಗ ಗದ್ದುಗೆಗೆ ಬಂದವನು ಅವನ ತಮ್ಮನ ಮಗ, ಒಂಬತ್ತು ವರ್ಷದ ಇಬ್ರಾಹಿಂ. ಮುಂದಿನ ಹತ್ತು ವರ್ಷ ಹೆಸರಿಗೆ ಅವನು ಸುಲ್ತಾನ, ಅಧಿಕಾರ ಬೇರೆಯವರದು. ಚಾಂದಬೀಬಿ ಕೆಲಕಾಲ ರಾಜ್ಯ ನೋಡಿಕೊಂಡಳು. ಸರದಾರರ ಗುಂಪುಗಳು ಒಂದನ್ನೊಂದು ಕಿತ್ತು ತಿಂದವು. 1590ರಲ್ಲಿ ಇಬ್ರಾಹಿಂ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡ. ಆಗವನಿಗೆ ವಯಸ್ಸು ಇಪ್ಪತ್ತರ ಆಸುಪಾಸು. ‘ಪೇಮ್ ನೇಮ್’ ರಚನೆಯಾದದ್ದು ಇದೇ ಹೊತ್ತಿಗೆ, 1590–91ರಲ್ಲಿ. ಕವಿ ಹಸನ್ ಮಂಜು ಖಲ್ಜಿ.

ಅವನು ಬರೆದದ್ದು ದರಬಾರಿನ ಫಾರ್ಸಿಯಲ್ಲಲ್ಲ, ದಖ್ಖನಿಯಲ್ಲಿ. ಸಿಪಾಯಿಗಳು, ಸೂಫಿಗಳು, ಪೇಟೆಯ ವ್ಯಾಪಾರಿಗಳು ಆಡುತ್ತಿದ್ದ, ಮರಾಠಿ, ಕನ್ನಡ, ತೆಲುಗುಗಳ ಮಗ್ಗುಲಲ್ಲೇ ಬೆಳೆದ ಮಾತು ಅದು. ಇವತ್ತಿಗೂ ವಿಜಯಪುರ, ಜಮಖಂಡಿ, ಬನಹಟ್ಟಿಯ ಓಣಿಗಳಲ್ಲಿ ಅದರ ಮಕ್ಕಳು ಮೊಮ್ಮಕ್ಕಳಂಥ ಮಾತು ಕೇಳುತ್ತದೆ. ಹೆಸರೂ ಈ ನೆಲದ್ದೇ ಅನ್ನಿಸುವಂತಿದೆ. ಪೇಮ್ ಎಂದರೆ ಪ್ರೇಮ, ನೇಮ್ ಎಂದರೆ ನೇಮ. ಸೋಮವಾರದ ನೇಮ ಹಿಡಿಯುವ ಅವ್ವನಿಗೆ ಈ ಎರಡನೆಯ ಪದದ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಪ್ರೇಮವನ್ನು ನೇಮದಂತೆ ಹಿಡಿದವನ ಕಥೆ ಇದು.

ಕಥೆಯ ನಾಯಕ ಶಾಹಜಿ, ನಾಯಕಿ ಮಾಹಜಿ. ಅವಳನ್ನು ಕಣ್ಣಾರೆ ಕಾಣುವ ಮೊದಲೇ ಅವನ ಎದೆಯೊಳಗೆ ಅವಳ ರೂಪ ನೆಲೆಗೊಂಡಿದೆ. ಕೊನೆಗೆ ನಿಜವಾದ ಮಾಹಜಿ ಎದುರು ಬಂದು ನಿಂತಾಗ ಅವನು ಮೋಸ ಹೋಗುತ್ತಾನೆ. ಎದೆಯಲ್ಲಿರುವವಳೇ ನಿಜ, ಎದುರಿಗಿರುವವಳು ಅವಳ ನೆರಳು ಎಂದುಕೊಂಡು ಅವಳನ್ನು ದೂರ ಮಾಡುತ್ತಾನೆ. ಅವಳ ಪಾಲಿಗೆ ವಿರಹ. ಆ ವಿರಹದ ತುದಿಗೆ ಅವನಿಗೆ ಅರಿವು, ಆಮೇಲೆ ಮದುವೆ. ಹೊರಗೆ ಪ್ರೇಮಕಥೆ, ಒಳಗೆ ಸೂಫಿಗಳ ದೇವರ ಹುಡುಕಾಟ.

ಚಿತ್ರ ಬರೆದವರ ಹೆಸರು ಹಾಳೆಗಳ ಮೇಲಿಲ್ಲ. ಅವರ ಎದುರಿಗಿದ್ದ ಕಷ್ಟ ಮಾತ್ರ ಇವತ್ತಿಗೂ ಕಾಣುತ್ತದೆ. ‘ಅವಳನ್ನು ಎದೆಯಲ್ಲಿ ಇಟ್ಟುಕೊಂಡಿದ್ದ’ ಎಂದು ಕವಿ ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗಬಹುದು. ಕನ್ನಡದಲ್ಲೂ ದಿನಾ ಹಾಗೆ ಹೇಳುತ್ತೇವೆ, ಯಾರೂ ಬೆಚ್ಚಿಬೀಳುವುದಿಲ್ಲ. ಚಿತ್ರಕಾರ ಅದನ್ನು ಹೇಗೆ ಬರೆಯಬೇಕು? ಕಣ್ಣಲ್ಲಿ ನೀರು ಬರೆಯಬಹುದು, ತಲೆ ತಗ್ಗಿಸಬಹುದು, ಒಂಟಿ ಮರ ನಿಲ್ಲಿಸಬಹುದು. ವಿಜಯಪುರದ ಆ ಚಿತ್ರಕಾರ ಇದ್ಯಾವುದಕ್ಕೂ ತೃಪ್ತನಾಗದೆ, ಕವಿಯ ಮಾತನ್ನು ಅಕ್ಷರಶಃ ನಂಬಿ, ಎದೆಯ ಮೇಲೆ ಮುಖವನ್ನೇ ಬರೆದುಬಿಟ್ಟ. ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ನಾಲ್ಕಾರು ಹಾಳೆ ದಾಟುವಷ್ಟರಲ್ಲಿ ಆ ಮುಖ ಇಲ್ಲದ ಶಾಹಜಿಯನ್ನು ಊಹಿಸುವುದೇ ಕಷ್ಟವಾಗುತ್ತದೆ. ದಖ್ಖನಿನ ಚಿತ್ರಕಲೆಯಲ್ಲಿ ಇದಕ್ಕಿಂತ ನಯವಾದ, ಇದಕ್ಕಿಂತ ಸಿರಿವಂತ ಚಿತ್ರಗಳು ಬಹಳ ಇವೆ. ಇಷ್ಟು ಧೈರ್ಯದ್ದು ಇನ್ನೊಂದು ಸಿಗುವುದು ಕಷ್ಟ.

ದೊರೆಯೂ ಕವಿಯಾದಾಗ ಚಿತ್ರಕ್ಕೂ ಕಾವ್ಯಕ್ಕೂ ನಡುವಿನ ದಾರಿ ಇನ್ನೂ ಹತ್ತಿರವಾಯಿತು. ಇಬ್ರಾಹಿಂ ದಖ್ಖನಿಯಲ್ಲಿ ‘ಕಿತಾಬ್-ಇ-ನೌರಸ್’ ಬರೆದ. 59 ಹಾಡು, 17 ದೋಹೆ, ಹಾಡುಗಳಿಗೆ ರಾಗಗಳ ತಲೆಬರಹ. ಅದರಲ್ಲಿ ಗಣಪತಿ ಇದ್ದಾನೆ, ಶಾರದೆ ಇದ್ದಾಳೆ, ಸೂಫಿ ಸಂತ ಗೇಸುದರಾಜ್ ಇದ್ದಾರೆ, ಇಬ್ರಾಹಿಮನ ಹೆಂಡತಿ ಚಾಂದ್ ಸುಲ್ತಾನಾ, ಅವನ ಆನೆ ಆತಶ್ ಖಾನ್, ‘ಮೋತಿ ಖಾನ್’ ಎಂದು ಹೆಸರಿಟ್ಟು ಮುದ್ದು ಮಾಡುತ್ತಿದ್ದ ತಂಬೂರಿಯೂ ಇದೆ. ಜನ ಅವನನ್ನು ಜಗದ್ಗುರು ಬಾದಶಹ ಎಂದರು. 1603–04ರಲ್ಲಿ ಅಕ್ಬರನ ರಾಯಭಾರಿಯಾಗಿ ಬಂದ ಅಸದ್ ಬೇಗ್, ಸುಲ್ತಾನ ಸಂಗೀತದಲ್ಲಿ ಮುಳುಗಿದ್ದಾಗ ಮಾತಿಗೆ ಉತ್ತರ ಕೊಡುವುದೂ ಅವನಿಗೆ ಕಷ್ಟವಾಗುತ್ತಿತ್ತು ಎಂದು ಬರೆದಿಟ್ಟಿದ್ದಾನೆ. ಇದೇ ಅಸದ್ ಬೇಗ್ ವಿಜಯಪುರದ ಪೇಟೆಯಿಂದ ತಂಬಾಕು ಒಯ್ದು ಅಕ್ಬರನ ಮುಂದಿಟ್ಟವನು.

ಒಂಬತ್ತು ರಸಗಳ ಹೆಸರಿನಲ್ಲೇ 1599ರಲ್ಲಿ ಇಬ್ರಾಹಿಂ ಒಂದು ಹೊಸ ಊರು ಕಟ್ಟಿಸಲು ತೊಡಗಿದ, ನೌರಸಪುರ. ಜಾಗ ವಿಜಯಪುರದ ಪಶ್ಚಿಮಕ್ಕೆ, ತೊರವೆಯ ಮಗ್ಗುಲು. ಕನ್ನಡದ ಓದುಗರಿಗೆ ಆ ಹೆಸರು ಬೇರೊಂದು ಕಾರಣಕ್ಕೆ ಗೊತ್ತು. ಕುಮಾರ ವಾಲ್ಮೀಕಿ ‘ತೊರವೆ ರಾಮಾಯಣ’ವನ್ನು ಅರ್ಪಿಸಿದ್ದು ಇದೇ ತೊರವೆಯ ನರಸಿಂಹನಿಗೆ. ಕೂಗಳತೆಯಲ್ಲಿ ಒಂದು ಕಡೆ ಭಾಮಿನಿ ಷಟ್ಪದಿಯ ರಾಮಕಥೆ, ಇನ್ನೊಂದು ಕಡೆ ಶಾರದೆಯನ್ನು ನೆನೆಯುವ ಸುಲ್ತಾನನ ದಖ್ಖನಿ ಹಾಡು. ಇತಿಹಾಸದ ಪುಸ್ತಕಗಳು ಇವೆರಡನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುತ್ತವೆ. ನೆಲದ ಮೇಲೆ ಅವು ಒಂದೇ ಊರಿನವು.

ಇಬ್ರಾಹಿಮನ ಹಾಡುಗಳ ಒಂದು ಭಾವ ಚಿತ್ರವಾಗಿ ಉಳಿದಿದೆ. ಸುಮಾರು 1604ರಲ್ಲಿ ಫರ್ರುಖ್ ಹುಸೇನ್ ಬರೆದ ಸರಸ್ವತಿ ಅದು. ಬಂಗಾರದ ಸಿಂಹಾಸನದಲ್ಲಿ ವೀಣೆ ಹಿಡಿದು ಕುಳಿತ ಬಿಳಿಯುಡುಗೆಯ ದೇವಿ, ಹತ್ತಿರ ನವಿಲು. ಇಬ್ರಾಹಿಮನ ತಂದೆ ಗಣಪತಿ, ತಾಯಿ ಪಾವನೆಯಾದ ಸರಸ್ವತಿ ಎಂಬ ಅರ್ಥದ ಸಾಲನ್ನು ಚಿತ್ರದೊಳಗೇ ಬರೆದಿದೆ. ಒಂಬತ್ತನೇ ವಯಸ್ಸಿಗೆ ಕಿತ್ತಾಡುವ ಸರದಾರರ ನಡುವೆ ಗದ್ದುಗೆ ಏರಿದ ಹುಡುಗ ದೊಡ್ಡವನಾಗಿ ತನಗೆ ಇಂಥ ತಂದೆತಾಯಿಯರನ್ನು ಆರಿಸಿಕೊಂಡ ಎಂದು ಓದಿದರೆ ಮನಸ್ಸು ತುಂಬಿ ಬರುತ್ತದೆ. ಚಿತ್ರ ಬರೆದ ಫರ್ರುಖ್ ಹುಸೇನ್ ಈ ನೆಲದವನಲ್ಲ. ಇರಾನಿನಿಂದ ಬಂದು ಮೊಘಲರಲ್ಲಿ ಹೆಸರು ಮಾಡಿದ ಫರ್ರುಖ್ ಬೇಗ್‌ನೂ ಇವನೂ ಒಬ್ಬನೇ ಎಂದು ಹಲವು ಕಲಾ ಇತಿಹಾಸಕಾರರು ನಂಬುತ್ತಾರೆ. ಚಿತ್ರ ಈಗ ಜಯಪುರದ ಅರಮನೆಯ ಸಂಗ್ರಹದಲ್ಲಿದೆ. ಇಬ್ರಾಹಿಂ ತಂಬೂರಿ ಮೀಟುತ್ತಿರುವ ಇನ್ನೊಂದು ಪ್ರಸಿದ್ಧ ಚಿತ್ರ ಪ್ರಾಗ್ ನಗರದಲ್ಲಿದೆ.

ಆಗಿನ ವಿಜಯಪುರ ಹೊರಗಿನ ಚಿತ್ರಗಳಿಗೂ ಬಾಗಿಲು ತೆರೆದಿತ್ತು. ಹಾಲೆಂಡಿನ ಹಾರ್ಲೆಮ್ ಊರಿನ ಚಿತ್ರಕಾರ ಕಾರ್ನೆಲಿಸ್ ಕ್ಲಾಸ್ ಹೇಡಾ 1610ರ ಹೊತ್ತಿಗೆ ಬಂದು ಇಬ್ರಾಹಿಮನ ಆಸ್ಥಾನದಲ್ಲೇ ನೆಲೆನಿಂತ. ಯುರೋಪಿನ ಅಚ್ಚಿನ ಚಿತ್ರಗಳೂ ಹಡಗಿನಲ್ಲಿ ಬಂದವು. ಫರ್ರುಖ್ ಬೇಗ್ 1615ರಲ್ಲಿ, ಮರಳಿ ಮೊಘಲ್ ಆಸ್ಥಾನಕ್ಕೆ ಹೋದ ಮೇಲೆ ಬರೆದ ಮುದುಕ ಸೂಫಿಯ ಚಿತ್ರಕ್ಕೆ ಮೂಲ ಒಂದು ಫ್ಲೆಮಿಶ್ ಅಚ್ಚು. ಮಾರ್ಟೆನ್ ಡಿ ವೋಸ್ ಬರೆದು ರಾಫೆಲ್ ಸೇಡ್ಲರ್ ತಾಮ್ರದಲ್ಲಿ ಕೊರೆದ, ದುಃಖವನ್ನು ಮನುಷ್ಯರೂಪದಲ್ಲಿ ತೋರಿಸುವ ಚಿತ್ರ ಅದು.

ಅದೇ ಶತಮಾನದಲ್ಲಿ ಇಲ್ಲಿನ ಕೈಗಳು ಇನ್ನೊಂದು ವಿದ್ಯೆಯನ್ನೂ ತುತ್ತತುದಿಗೆ ಒಯ್ದವು. ‘ಅಬ್ರಿ’ ಎನ್ನುತ್ತಾರೆ, ಮೋಡದಂಥದು ಎಂದರ್ಥ. ಅಗಲವಾದ ತೊಟ್ಟಿಯಲ್ಲಿ ಅಂಟುನೀರು ತುಂಬಿ, ಮೇಲೆ ಬಣ್ಣದ ಹನಿ ತೇಲಿಬಿಟ್ಟು, ಕಡ್ಡಿಯಿಂದ ಎಳೆದು ಸುಳಿ ಮಾಡುತ್ತಾರೆ. ಮೇಲೆ ಕಾಗದ ಹಾಸಿ ಎತ್ತಿದರೆ ಸುಳಿಯೆಲ್ಲ ಕಾಗದಕ್ಕೆ ಬರುತ್ತದೆ. ಬೇರೆ ಕಡೆ ಇದನ್ನು ಅಂಚಿನ ಅಲಂಕಾರಕ್ಕೆ ಬಳಸಿದರೆ, ದಖ್ಖನಿನ ಕಲಾವಿದರು ಇದರಿಂದ ಆಕೃತಿಗಳನ್ನೇ ಮಾಡಿದರು. ಬಣ್ಣ ಹತ್ತಬಾರದ ಕಡೆ ಗೋಂದು ಬಳಿದು ಮುಚ್ಚಿ, ಉಳಿದ ಕಡೆ ಮಾತ್ರ ಸುಳಿಯನ್ನು ಹಿಡಿದರು. ಎಲುಬು ಎಣಿಸುವಂಥ ಬಡಕಲು ಕುದುರೆ, ಮೇಲೆ ಸವಾರ: ಇಂಥ ಕೆಲವು ಹಾಳೆಗಳು ಇವತ್ತು ಜಗತ್ತಿನ ದೊಡ್ಡ ಮ್ಯೂಸಿಯಮ್ಮುಗಳಲ್ಲಿವೆ. ಹಸಿದ ಕುದುರೆ ಸೂಫಿಗಳಿಗೆ ಹದ್ದುಬಸ್ತಿನಲ್ಲಿಟ್ಟ ದೇಹದ ಗುರುತು.

ಮುಚ್ಚಬೇಕಾದ್ದನ್ನು ಮುಚ್ಚಿ ಉಳಿದದ್ದರ ಮೇಲೆ ಕೆಲಸ ಮಾಡುವ ಈ ಉಪಾಯ ಲಂಡನ್ನಿನ ವಿಲಿಯಂ ಬ್ಲೇಕ್‌ನನ್ನು ನೆನಪಿಗೆ ತರುತ್ತದೆ. ಸುಮಾರು 1788ರಲ್ಲಿ ಬ್ಲೇಕ್ ತಾಮ್ರದ ತಗಡಿನ ಮೇಲೆ, ಆಮ್ಲಕ್ಕೆ ಕರಗದ ದ್ರವದಿಂದ ತನ್ನ ಕವಿತೆ ಮತ್ತು ಚಿತ್ರ ಎರಡನ್ನೂ ಒಟ್ಟಿಗೆ ಬರೆಯತೊಡಗಿದ. ಅಚ್ಚಿನಲ್ಲಿ ಸರಿಯಾಗಿ ಬರಲೆಂದು ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಬರೆಯಬೇಕಿತ್ತು. ಆಮ್ಲ ಸುರಿದರೆ ಮುಚ್ಚದ ತಾಮ್ರ ಕರಗಿ, ಬರೆದದ್ದು ಉಬ್ಬಿ ನಿಲ್ಲುತ್ತಿತ್ತು. ಅಚ್ಚು ಹಾಕಿ, ಹೆಂಡತಿ ಕ್ಯಾಥರೀನಳೊಂದಿಗೆ ಒಂದೊಂದು ಹಾಳೆಗೂ ಕೈಯಿಂದ ಬಣ್ಣ ತುಂಬುತ್ತಿದ್ದ. 1789ರ ‘ಸಾಂಗ್ಸ್ ಆಫ್ ಇನೊಸೆನ್ಸ್’ ಹೀಗೆ ಹೊರಬಂತು. ಅವನನ್ನು ಗುರುವೆಂದು ನಂಬಿದ ಸ್ಯಾಮುಯೆಲ್ ಪಾಮರ್ ಮುಪ್ಪಿನಲ್ಲಿ ಮಿಲ್ಟನ್ನನ ಕವಿತೆಗಳಿಗೆ ತಾಮ್ರದಲ್ಲಿ ರಾತ್ರಿಗಳನ್ನೂ ಚಂದ್ರನನ್ನೂ ಕೊರೆದ. ಬ್ಲೇಕ್ ವಿಜಯಪುರದ ಹಾಳೆ ಕಂಡವನಲ್ಲ. ಆದರೂ ‘ಪೇಮ್ ನೇಮ್’ ಚಿತ್ರಕಾರನಿಗಿದ್ದ ಕಷ್ಟವೇ ಅವನಿಗೂ ಇತ್ತು: ಒಳಗಣ್ಣಿಗೆ ಕಂಡದ್ದನ್ನು ಹೊರಗಣ್ಣಿಗೆ ತೋರಿಸುವುದು. ಇಬ್ಬರೂ ಅದನ್ನು ಮಬ್ಬು ಮಾಡಲಿಲ್ಲ, ಎದುರಿಗಿರುವ ವಸ್ತುವಿನಷ್ಟೇ ಖಚಿತವಾದ ಗೆರೆಯಲ್ಲಿ ಬರೆದರು. ಯುರೋಪಿನ ರೊಮ್ಯಾಂಟಿಕ್ ಕಲೆಯ ಚರಿತ್ರೆಯನ್ನು ಓದುವ ಕನ್ನಡದ ವಿದ್ಯಾರ್ಥಿಗಳಿಗೆ, ಅದಕ್ಕಿಂತ ಇನ್ನೂರು ವರ್ಷ ಮೊದಲು ಹೊಳೆಯಾಚೆ ನಡೆದ ಈ ಪ್ರಯೋಗವನ್ನೂ ಹೇಳಿಕೊಡಬೇಕು.

1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ನೌರಸಪುರವನ್ನು ಹಾಳುಗೆಡವಿದ. ಮೂರು ವರ್ಷಕ್ಕೆ ಇಬ್ರಾಹಿಂ ತೀರಿಕೊಂಡ. ಅವನು ಮಲಗಿರುವ ಇಬ್ರಾಹಿಂ ರೋಜಾದ ಕಿಟಕಿಗಳನ್ನು ಹತ್ತಿರ ನಿಂತು ನೋಡಬೇಕು. ಜಾಲರಿಯ ಬದಲು ಅಲ್ಲಿ ಕಲ್ಲಿನಲ್ಲಿ ಆರಪಾರ ಕೊರೆದ ಅರಬ್ಬಿ ಅಕ್ಷರಗಳಿವೆ. ಬೆಳಕು ಅಕ್ಷರಗಳ ಸಂದಿಯಿಂದ ಒಳಗೆ ಬೀಳುತ್ತದೆ.

ಕಾವ್ಯ ಅಲ್ಲಿಗೆ ನಿಲ್ಲಲಿಲ್ಲ. ಎರಡನೆಯ ಅಲಿ ಆದಿಲ್‌ಶಾಹನ ಆಸ್ಥಾನಕವಿ ನುಸ್ರತಿ 1657ರ ಸುಮಾರಿಗೆ ಮನೋಹರ–ಮಧುಮಾಲತಿಯರ ಪ್ರೇಮಕಥೆಯನ್ನು ‘ಗುಲ್ಶನ್-ಇ-ಇಶ್ಕ್’ ಎಂದು ಬರೆದ. ಚಿತ್ರಕಾರರು ಅದನ್ನು ಮತ್ತೆ ಮತ್ತೆ ಕೈಗೆತ್ತಿಕೊಂಡರು. ಈಗ ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ 1743ರ ಒಂದು ಪ್ರತಿಯಲ್ಲಿ 90ಕ್ಕೂ ಹೆಚ್ಚು ಚಿತ್ರಗಳಿವೆ. ಅಷ್ಟು ಹೊತ್ತಿಗೆ ಕಾವ್ಯ ಹುಟ್ಟಿದ ರಾಜ್ಯವೇ ಉಳಿದಿರಲಿಲ್ಲ. 1686ರಲ್ಲಿ ಔರಂಗಜೇಬ ವಿಜಯಪುರವನ್ನು ಗೆದ್ದಾಗ ಅರಮನೆಯ ಪುಸ್ತಕಗಳು ಗಾಡಿಗಟ್ಟಲೆ ಸಾಗಿಹೋದವು ಎಂಬ ಮಾತಿದೆ. ಅಸಾರ ಮಹಲಿನಲ್ಲಿ ಉಳಿದಿದ್ದ ಹಸ್ತಪ್ರತಿಗಳನ್ನು 19ನೇ ಶತಮಾನದ ನಡುವಿನಲ್ಲಿ ಇಂಗ್ಲಿಷರು ಲಂಡನ್ನಿಗೆ ಒಯ್ದರು.

ಪುಸ್ತಕಗಳು ಹೋದ ಲಂಡನ್ನಿಗೆ ಅವಕ್ಕೂ ಮೊದಲೇ ವಿಜಯಪುರದ ಚಿತ್ರಗಳು ಇನ್ನೊಂದು ದಾರಿಯಿಂದ ಬಂದಿದ್ದವು. ಬ್ರಿಟಿಷ್ ನೌಕಾಪಡೆಯ ಅಧಿಕಾರಿ ರಾಬರ್ಟ್ ಎಲಿಯಟ್ ಭಾರತದಲ್ಲಿ ಓಡಾಡಿದಾಗ ಮಾಡಿಕೊಂಡ ಸ್ಕೆಚ್ಚುಗಳನ್ನು ಲಂಡನ್ನಿನಲ್ಲಿ ಸ್ಯಾಮುಯೆಲ್ ಪ್ರೌಟ್, ಕ್ಲಾರ್ಕ್‌ಸನ್ ಸ್ಟ್ಯಾನ್‌ಫೀಲ್ಡ್ ಮುಂತಾದ ಕಲಾವಿದರು ತಿದ್ದಿ ಬರೆದರು. ಉಕ್ಕಿನ ತಗಡಿನ ಮೇಲೆ ಅವನ್ನು ಕೊರೆದು 1830ರಿಂದ 1833ರವರೆಗೆ ಕಂತುಗಳಲ್ಲಿ ‘ವ್ಯೂಸ್ ಇನ್ ದಿ ಈಸ್ಟ್’ ಎಂದು ಪ್ರಕಟಿಸಿದರು. ತಾಮ್ರದ ಗೆರೆ ಕೆಲವು ನೂರು ಅಚ್ಚಿಗೆ ಸವೆದರೆ, ಉಕ್ಕಿನದು ಸಾವಿರಾರು ಅಚ್ಚು ತಾಳುತ್ತದೆ. ಅವುಗಳಲ್ಲಿ ವಿಜಯಪುರದ ಪಾಳು ಗುಮ್ಮಟಗಳಿವೆ, ತೊರವೆಯ ಒಂದು ಮಹಲೂ ಇದೆ. ಅದೇ ಪ್ರಕಾಶಕರ ವಾರ್ಷಿಕ ಸಂಚಿಕೆಯಲ್ಲಿ ಎಲಿಯಟ್‌ನ ಇಂಥ ಭಾರತದ ಚಿತ್ರಗಳಿಗೆ ಲೆಟಿಷಿಯಾ ಎಲಿಜಬೆತ್ ಲ್ಯಾಂಡನ್ ಎಂಬ ಕವಯಿತ್ರಿ ಕವಿತೆ ಬರೆದಳು. ಅವಳು ಭಾರತವನ್ನು ಕಂಡವಳಲ್ಲ. ವಿಜಯಪುರದಲ್ಲಿ ಕವಿತೆ ಮೊದಲು, ಚಿತ್ರ ಆಮೇಲೆ. ಲಂಡನ್ನಿನ ವ್ಯಾಪಾರದಲ್ಲಿ ಚಿತ್ರ ಮೊದಲು, ಅದಕ್ಕೆ ಹೊಂದಿಸಿ ಕವಿತೆ. ಪಾಳುಬಿದ್ದ ಗೋಡೆಯ ಸೊಗಸನ್ನು ಆ ಕೊರೆತಗಳು ಚೆನ್ನಾಗಿ ಹಿಡಿದಿವೆ. ಗೋಡೆಯೊಳಗೆ ಹಾಡಿದ ಹಾಡು ಅವರ ಕೈಗೆ ಸಿಗಲಿಲ್ಲ.

ಹಾಡು ಕನ್ನಡಕ್ಕೆ ಬಂದದ್ದು ನಮ್ಮ ಕಾಲದಲ್ಲಿ. ವಿಜಯಪುರದ ಫ. ಗು. ಹಳಕಟ್ಟಿ ಸಂಶೋಧನ ಕೇಂದ್ರ ಆದಿಲ್‌ಶಾಹಿ ಕಾಲದ ಸಾಹಿತ್ಯವನ್ನು ಕನ್ನಡಕ್ಕೆ ತರುವ ದೊಡ್ಡ ಕೆಲಸ ಮಾಡಿದೆ. ಚಿತ್ರಗಳು ಮಾತ್ರ ಲಂಡನ್, ಜಯಪುರ, ಪ್ರಾಗ್, ಫಿಲಡೆಲ್ಫಿಯಾಗಳಲ್ಲಿ ಚದುರಿವೆ.

ಹುಟ್ಟಿದ ಜಾಗದಲ್ಲೇ ಆ ಕಾಲದ ಚಿತ್ರ ನೋಡಬೇಕೆಂದರೆ ವಿಜಯಪುರದಿಂದ ಪೂರ್ವಕ್ಕೆ ಸುಮಾರು 16 ಕಿ.ಮೀ. ದೂರದ ಕುಮಟಗಿಗೆ ಹೋಗಬೇಕು. ಆದಿಲ್‌ಶಾಹಿಗಳು ಬೇಸಿಗೆ ಕಳೆಯಲು ಕಟ್ಟಿದ ನೀರಿನ ಮಹಲುಗಳಿವೆ. ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ ಇಲ್ಲಿನ ಗೋಡೆಯ ಚಿತ್ರಗಳನ್ನು ವಿವರಿಸಿ, 1916ರ ತನ್ನ ವಿಜಯಪುರದ ಗ್ರಂಥದಲ್ಲಿ ದಾಖಲಿಸಿದ. ಕುದುರೆ ಏರಿ ಚೆಂಡಾಟ ಆಡುವವರು, ತೋಳಿಗೆ ತೋಳು ಕೊಟ್ಟ ಜಟ್ಟಿಗಳು. ಜಮಖಂಡಿ, ಮುಧೋಳದ ಗರಡಿಮನೆಯ ಹುಡುಗರು ನೋಡಿದರೆ ಆ ಪಟ್ಟಿನ ಹೆಸರು ಹೇಳಿಯಾರು. ಈಗ ಬಣ್ಣ ಬಹಳ ಮಾಸಿದೆ, ಗಾರೆ ಉದುರಿದೆ. ಕಮಾನಿನ ಕೆಳಗೆ ನಿಂತು ಕಣ್ಣು ಹೊಂದಿಕೊಳ್ಳುವವರೆಗೆ ಕಾದರೆ ಮೊದಲು ಒಂದು ಕುದುರೆಯ ಕತ್ತು, ಆಮೇಲೆ ಸವಾರನ ಎತ್ತಿದ ಕೈ ಕಾಣಿಸುತ್ತದೆ. ಅವುಗಳ ಮೇಲೆ, ಬಂದು ಹೋದವರು ಮೊಳೆಯಿಂದ ಗೀರಿದ ಹೆಸರುಗಳಿವೆ.